ಜವಳು ನುಂಗಿದ ಯಾತ್ರಾಸ್ಥಳ: ಮಕ್ಕಳ ಪ್ರದರ್ಶನಕ್ಕೆ ದೇಣಿಗೆ ಕೊಡಿ

ಆತ್ಮೀಯರೇ, ನಮಸ್ಕಾರ.

ತುಂಗಭದ್ರಾ ಕಾಲುವೆ ಸೀಮೆಯ ನಮ್ಮ ಕನ್ನಡ ಶಾಲೆಯಲ್ಲಿ ಈ ವರ್ಷ ಇತಿಹಾಸ ಪ್ರದರ್ಶನ ಮಾಡುತ್ತಿದ್ದೇವೆ. ವಿಷಯ, ಈಜಿಪ್ಟಿನ ಅಬು ಮೇನಾ ಎಂಬ ಕ್ರೈಸ್ತರ ಹಳೆಯ ಯಾತ್ರಾಸ್ಥಳ. ಎಲ್ಲಿಯ ಸಿಂಧನೂರು, ಎಲ್ಲಿಯ ಈಜಿಪ್ಟು ಅಂತೀರಾ? ಸ್ವಲ್ಪ ಕೇಳಿ.

ಅಲೆಕ್ಸಾಂಡ್ರಿಯಾದಿಂದ ಸುಮಾರು 45 ಕಿ.ಮೀ. ದೂರದ ಈ ಜಾಗದಲ್ಲಿ ಸಂತ ಮೇನಾಸನ ಸಮಾಧಿ ಇದೆ. ಅವನ ದೇಹ ಹೊತ್ತು ಬಂದ ಒಂಟೆ ಇಲ್ಲಿಂದ ಮುಂದೆ ಹೆಜ್ಜೆಯನ್ನೇ ಇಡಲಿಲ್ಲ, ಹಾಗಾಗಿ ಇಲ್ಲೇ ಮಣ್ಣು ಮಾಡಿದರು ಅನ್ನೋದು ನಂಬಿಕೆ. 5-6ನೇ ಶತಮಾನಕ್ಕೆ ಇಲ್ಲಿ ಚರ್ಚುಗಳು, ಸನ್ಯಾಸಿಗಳ ಮಠ, ಛತ್ರ, ಸ್ನಾನದ ಮನೆ ಎಲ್ಲ ಎದ್ದವು. ಯಾತ್ರಿಕರು ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಇಲ್ಲಿನ ನೀರನ್ನೋ ಎಣ್ಣೆಯನ್ನೋ ಮನೆಗೆ ಒಯ್ಯುತ್ತಿದ್ದರು. ಕುಡಿಕೆಯ ಮೇಲೆ ಕೈ ಎತ್ತಿ ನಿಂತ ಸಂತ, ಎರಡೂ ಪಕ್ಕ ಒಂಟೆ. ಇಂಥದ್ದು ಇಂಗ್ಲೆಂಡಿನಲ್ಲೂ ಸಿಕ್ಕಿದೆ!

1905ರಲ್ಲಿ ಜರ್ಮನಿಯ ಕಾರ್ಲ್ ಮರಿಯಾ ಕಾಫ್‌ಮನ್ ಈ ಊರನ್ನು ಅಗೆದು ತೆಗೆದರು. 1979ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆಮೇಲೆ ಸುತ್ತಲಿನ ಹೊಲಗಳಿಗೆ ನೀರಾವರಿ ಬಂತು, ನೆಲದೊಳಗಿನ ನೀರು ಮೇಲೇರಿತು. ಅಲ್ಲಿಯದು ಜೇಡಿಮಣ್ಣು. ಒಣಗಿದ್ದಾಗ ಕಲ್ಲಿನಂತೆ ಗಟ್ಟಿ, ನೀರು ಕುಡಿದರೆ ಅಂಬಲಿ. ಹಳೆಯ ನೀರಿನ ತೊಟ್ಟಿಗಳು ಕುಸಿದವು, ಮೇಲಿದ್ದ ಕಟ್ಟಡಗಳೂ ಬಿದ್ದವು. ಸಂತನ ಸಮಾಧಿಯ ನೆಲಮಾಳಿಗೆ ಉಳಿಯಲಿ ಅಂತ ಅದಕ್ಕೆ ಮರಳು ತುಂಬಿ ಮುಚ್ಚಬೇಕಾಯಿತು. 2001ರಲ್ಲಿ ಈ ಜಾಗ ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿದ್ದು, ಸೌರಶಕ್ತಿಯಿಂದ ನೀರು ಬಸಿಯುವ ವ್ಯವಸ್ಥೆ ಆದ ಮೇಲೆ 2025ರಲ್ಲಿ ಹೊರಬಂತು.

ಸವಳು-ಜವಳು ಅಂದರೆ ಉಪ್ಪೇರಿ, ನೀರು ನಿಂತು ಕೆಟ್ಟ ನೆಲ; ಅದನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಎಷ್ಟೋ ಮನೆಯವರ ಗದ್ದೆಯೇ ಹಾಗಾಗಿದೆ, ಅಲ್ವಾ? ಅದಕ್ಕೇ ಈ ಕಥೆ ಅವರಿಗೆ ಬೇಗ ತಲುಪುತ್ತದೆ. ಟ್ರೇಯಲ್ಲಿ ಒಣ ಜೇಡಿಮಣ್ಣು, ಅದರ ಮೇಲೆ ಪುಟ್ಟ ಇಟ್ಟಿಗೆ ಗೋಡೆ, ಬದಿಯಿಂದ ಒಂದೊಂದೇ ಲೋಟ ನೀರು. ಗೋಡೆ ವಾಲುವುದನ್ನು ಮಕ್ಕಳು ತಾವೇ ನೋಡಲಿ. ಕುಡಿಕೆಗಳನ್ನು ಊರಿನ ಕುಂಬಾರರಿಂದ ಮಾಡಿಸುತ್ತೇವೆ, ಸುಮ್ನೆ ಚಿತ್ರ ಅಂಟಿಸೋದಲ್ಲ.

ಬೋರ್ಡುಗಳ ಮುದ್ರಣ, ಕುಂಬಾರರ ಮಜೂರಿ, ಅಕ್ಕಪಕ್ಕದ ಸರ್ಕಾರಿ ಶಾಲೆಗಳಿಗೆ ಸಾಗಿಸುವ ಟೆಂಪೊ ಬಾಡಿಗೆ, ಇಷ್ಟಕ್ಕೆ ಹಣ ಬೇಕು. ಸಾಗಾಟಕ್ಕೇ ಜಾಸ್ತಿ ಖರ್ಚು. 100 ರೂಪಾಯಿಯೂ ಆದೀತು. ಹಣ ಕೊಡಲಾಗದಿದ್ದರೆ ಹಳೇ ಮೇಜು, ಟ್ರೇ, ಒಂದು ದಿನದ ಗಾಡಿ ಕೊಡಿ. ಶಾಲೆಯ ಕಚೇರಿಯಲ್ಲಿ ರಶೀದಿ ತಪ್ಪದೆ ಕೇಳಿ ಪಡೆಯಿರಿ. ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಾಕುತ್ತೇವೆ.

ಇಂತಿ,
ಶಾಲಾ ಟ್ರಸ್ಟಿನ ಪರವಾಗಿ