ಪಾಠ ಮೊದಲು, ಸಾಧನ ಆಮೇಲೆ: ಶಿಕ್ಷಕಿಯಾಗಲಿರುವ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಅಭ್ಯಾಸ ಬೋಧನೆ ಆರಂಭವಾಗುವುದರೊಳಗೆ ಯಾವ ಯಾವ ಡಿಜಿಟಲ್ ಸಾಧನಗಳನ್ನು ಕಲಿತಿರಬೇಕು ಎಂದು ಕೇಳಿದ್ದೆ. ನೀನು ಕಳುಹಿಸಿದ ಪಟ್ಟಿಯಲ್ಲಿ ಮುಕ್ಕಾಲು ಪಾಲನ್ನು ಸದ್ಯಕ್ಕೆ ಬದಿಗಿಡಬಹುದೆಂದು ನನಗೆ ಅನ್ನಿಸುತ್ತದೆ. ಗಣಿತ ಕಲಿಸಹೊರಟ ನಿನಗೆ ಒಂದೆರಡು ಸಾಧನಗಳ ಒಳಹೊರಗು ಚೆನ್ನಾಗಿ ತಿಳಿದಿದ್ದರೆ ಸಾಕು. ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಮಂಡಿಸಿದ ಚೌಕಟ್ಟನ್ನು ನೀನು ಓದಿಯೇ ಇರುತ್ತೀಯೆ: ವಿಷಯದ ಅರಿವು, ಬೋಧನೆಯ ಅರಿವು, ತಂತ್ರಜ್ಞಾನದ ಅರಿವು ಈ ಮೂರೂ ಕೂಡುವಲ್ಲಿ ಶಿಕ್ಷಕರ ಕೌಶಲವಿದೆ ಎಂಬುದು ಅದರ ಸಾರ. ಈ ಮೂರು ಅರಿವುಗಳನ್ನು ಒಂದನ್ನೊಂದು ಛೇದಿಸುವ ಮೂರು ವೃತ್ತಗಳಾಗಿ ಬರೆದರೆ ಪರೀಕ್ಷೆಯಲ್ಲಿ ಅಂಕ ಬಂದೀತು, ಆದರೆ ಅದರ ಅರ್ಥ ತಿಳಿಯಲು ಒಂದು ಪಾಠವನ್ನು ಕೈಗೆತ್ತಿಕೊಳ್ಳಬೇಕು.

ತ್ರಿಭುಜದ ಮೂರು ಕೋನಗಳ ಮೊತ್ತವನ್ನೇ ತೆಗೆದುಕೋ. ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಶೃಂಗವೊಂದನ್ನು ಹಿಡಿದು ಎಳೆದರೆ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಎಳೆಯುವ ಮುನ್ನ ಏನಾಗಬಹುದೆಂದು ಮಕ್ಕಳಿಂದ ಊಹೆ ಬರೆಸು. ಇಲ್ಲವಾದರೆ ಅವರು ಪರದೆಯ ಚಲನೆಯನ್ನು ನೋಡಿ ಸಂತೋಷಪಟ್ಟು ಸುಮ್ಮನಾಗುತ್ತಾರೆ. ದಶಮಾಂಶ ಸ್ಥಾನಗಳನ್ನು ಸೊನ್ನೆಗೆ ಇಳಿಸಿದಾಗ ಇನ್ನೊಂದು ಸ್ವಾರಸ್ಯವಿದೆ. 60.4, 60.4 ಮತ್ತು 59.2 ಡಿಗ್ರಿಯ ಕೋನಗಳು 60, 60, 59 ಎಂದು ಕಾಣುತ್ತವೆ, ಕೂಡಿದರೆ 179. ಹಿಂದಿನ ಬೆಂಚಿನ ಯಾರಾದರೂ ಇದನ್ನು ಹಿಡಿದೇ ಹಿಡಿಯುತ್ತಾರೆ. ಆಗ ಗಾಬರಿಯಾಗಬೇಡ, ಅಳತೆಗೂ ಸಾಧನೆಗೂ, ಅಂದರೆ ತರ್ಕದಿಂದ ರುಜುವಾತುಪಡಿಸುವುದಕ್ಕೂ, ಇರುವ ಅಂತರವನ್ನು ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಸಾವಿರ ತ್ರಿಭುಜಗಳನ್ನು ಎಳೆದು ನೋಡಿದರೂ ಅದು ಸಾಧನೆಯಾಗುವುದಿಲ್ಲವೆಂದು ತಿಳಿಸಿ, ತಳಬಾಹುವಿಗೆ ಸಮಾಂತರ ರೇಖೆಯನ್ನು ಎಳೆದು ಸಾಧಿಸುವ ಕೆಲಸವನ್ನು ಕಪ್ಪು ಹಲಗೆಯ ಮೇಲೆಯೇ ಮಾಡು.

ಆನ್‌ಲೈನ್ ಕ್ವಿಜ್‌ಗಳ ಬಗ್ಗೆ ನಿನಗಿರುವಷ್ಟು ಉತ್ಸಾಹ ನನಗಿಲ್ಲ, ಗಡಿಯಾರ ಓಡುವಾಗ ನಿಧಾನವಾಗಿ ಯೋಚಿಸುವ ಮಗು ಸೋಲುತ್ತದೆ. ಆದರೂ ತಪ್ಪು ಆಯ್ಕೆಗಳನ್ನು ಯೋಚಿಸಿ ಬರೆದರೆ ಅವು ಉಪಯುಕ್ತವೇ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸುವ ಪ್ರಶ್ನೆಗೆ 2/5 ಎಂಬ ಆಯ್ಕೆಯನ್ನು ಕೊಟ್ಟು ನೋಡು. ಅದನ್ನು ಆರಿಸಿದವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾರೆಂದು ಕೂಡಲೇ ತಿಳಿಯುತ್ತದೆ, ಮರುದಿನದ ಪಾಠ ಎಲ್ಲಿಂದ ಶುರುವಾಗಬೇಕೆಂಬುದೂ ತೀರ್ಮಾನವಾಗುತ್ತದೆ. ಕೃತಕ ಬುದ್ಧಿಮತ್ತೆಯಿಂದ ಪ್ರಶ್ನೆಗಳನ್ನು ಬರೆಸುವುದಾದರೆ ಪ್ರತಿಯೊಂದರ ಉತ್ತರವನ್ನೂ ನೀನೇ ಬಿಡಿಸಿ ನೋಡು, ಮಕ್ಕಳ ಹೆಸರು ಮತ್ತು ಅಂಕಗಳನ್ನು ಅದಕ್ಕೆ ಕೊಡಬೇಡ.

ಇನ್ನು ಉದ್ಯೋಗದ ಮಾತು. ಆನ್‌ಲೈನ್ ಕೋರ್ಸುಗಳ ಪ್ರಮಾಣಪತ್ರಗಳನ್ನು ಸಾಲಾಗಿ ಜೋಡಿಸಿದ ಪೋರ್ಟ್‌ಫೋಲಿಯೊ ನಿನ್ನ ಬೋಧನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದರ ಬದಲು ಒಂದೇ ಪಾಠವನ್ನು ಪೂರ್ತಿಯಾಗಿ ದಾಖಲಿಸು: ಪಾಠಯೋಜನೆ, ಜಿಯೋಜಿಬ್ರಾ ಕಡತ, ಹೆಸರು ಅಳಿಸಿದ ಒಂದೆರಡು ಉತ್ತರಪತ್ರಿಕೆಗಳ ಚಿತ್ರ, ಮತ್ತು ಎರಡನೆಯ ಸಲ ಅದೇ ಪಾಠವನ್ನು ಮಾಡುವಾಗ ಏನನ್ನು, ಏಕೆ ಬದಲಿಸಿದೆ ಎಂಬ ಅರ್ಧ ಪುಟದ ಟಿಪ್ಪಣಿ. ಸಂದರ್ಶಕರು ಪ್ರಶ್ನೆ ಕೇಳುವುದಿದ್ದರೆ ಆ ಅರ್ಧ ಪುಟದ ಮೇಲೆಯೇ ಕೇಳುತ್ತಾರೆ. ವೀಡಿಯೊ ಸೇರಿಸುವುದಾದರೆ ಶಾಲೆಯ ಮತ್ತು ಪೋಷಕರ ಅನುಮತಿಯಿಲ್ಲದೆ ಮಕ್ಕಳ ಮುಖ ಕಾಣಿಸಕೂಡದು. ಚಿತ್ರ ಮಸುಕಾಗಿದ್ದರೂ ನಡೆದೀತು, ನಿನ್ನ ಧ್ವನಿ ಮಾತ್ರ ಸ್ಪಷ್ಟವಾಗಿರಲಿ.

ಇವೆಲ್ಲವನ್ನೂ ಕಾಲೇಜು ಕೊಟ್ಟ ಇಮೇಲ್ ಖಾತೆಯಲ್ಲಷ್ಟೇ ಇಡಬೇಡ, ಓದು ಮುಗಿದ ಮೇಲೆ ಅಂಥ ಖಾತೆಗಳು ಮುಚ್ಚಿಹೋಗುವುದುಂಟು. ಸ್ವಂತ ಖಾತೆಯಲ್ಲೊಂದು ಪ್ರತಿ, ಪೆನ್‌ಡ್ರೈವಿನಲ್ಲೊಂದು ಪ್ರತಿ ಇರಲಿ. ಅರ್ಜಿಯಲ್ಲಿ ಲಿಂಕ್ ಹಾಕುವ ಮೊದಲು ಅದನ್ನು ನನಗೆ ಕಳುಹಿಸು. ಅನುಮತಿ ಕೇಳದೆ ನನ್ನ ಫೋನಿನಲ್ಲಿ ತೆರೆಯುತ್ತದೆಯೇ ಎಂದು ನೋಡಿ ತಿಳಿಸುತ್ತೇನೆ.

ಇಂತಿ,
ನಿನ್ನ ಅಪ್ಪ