ಬ್ಯುಟನಾಲ್: ತೊಡಕು ಎಂಜಿನ್‌ನದಲ್ಲ, ತೊಟ್ಟಿಯದು

ಮಾನ್ಯರೇ,

ಪೆಟ್ರೋಲಿಗೆ ಶೇ 20 ಎಥನಾಲ್ ಬೆರೆಸಿ ಮೈಲೇಜ್ ಇಳಿಯಿತು ಎನ್ನುವವರು ಈಗ ಅದರಂಥದೇ ಇನ್ನೊಂದು ಆಲ್ಕೋಹಾಲ್ ಆದ ಬ್ಯುಟನಾಲ್ ಕಡೆ ನೋಡುತ್ತಿದ್ದಾರೆ. ಗುಣದಲ್ಲಿ ಅದು ಮೇಲೇ ಸರಿ. ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಬ್ಯುಟನಾಲ್‌ನಲ್ಲಿ 29, ಎಥನಾಲ್‌ನಲ್ಲಿ ಬರೀ 21. ನೀರನ್ನೂ ಅಷ್ಟಾಗಿ ಹೀರದು; ಟ್ಯಾಂಕಿನ ತಳದಲ್ಲಿ ನೀರು, ಎಥನಾಲ್ ಬೇರೆಯಾಗಿ ಕೂತು ಗಾಡಿ ಸ್ಟಾರ್ಟ್ ಆಗದ ರಗಳೆ ಕಡಿಮೆ. ಆಕ್ಟೇನ್, ಅಂದರೆ ಎಂಜಿನ್ ಬಡಿತ (ನಾಕಿಂಗ್) ತಡೆಯುವ ಗುಣ, ಮಾತ್ರ ಎಥನಾಲ್‌ನಷ್ಟಿಲ್ಲ.

ಕಷ್ಟ ಇರುವುದು ತಯಾರಿಕೆಯಲ್ಲಿ. ಕಾಕಂಬಿ ಹುಳಿಸುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಕ್ಕೆ ತಾನು ಮಾಡಿದ ಬ್ಯುಟನಾಲೇ ವಿಷ. ಲೀಟರಿಗೆ 12-13 ಗ್ರಾಂ ಆಗುತ್ತಲೇ ಕೈಚೆಲ್ಲುತ್ತದೆ. ಮಿಕ್ಕಿದ್ದು ಬಹುಪಾಲು ನೀರು. ಬಟ್ಟಿ ಇಳಿಸುವ ಉಗಿಯ ಖರ್ಚಿನಲ್ಲೇ ಲಾಭ ಕರಗುತ್ತದೆ. ಹುಳಿಯುತ್ತಿರುವಾಗಲೇ ಅನಿಲ ಹಾಯಿಸಿ ಬ್ಯುಟನಾಲ್ ಎಳೆದುಕೊಳ್ಳುವ ಏರ್ಪಾಡು ಬೇಕು. ಈಗಿರುವ ಎಥನಾಲ್ ಹುಳಿಸುವ ತೊಟ್ಟಿಗೆ ಬ್ಯಾಕ್ಟೀರಿಯಾ ಸುರಿದರೆ ನಡೆಯದು, ಗಾಳಿ ತಾಗಿದರೂ ಅದಕ್ಕಾಗದು.

– ಒಬ್ಬ ಓದುಗ, ಮಂಡ್ಯ