ಇನ್ನು ನಾನು ಹೊರಗೆ ಬೆಂಚಿನಲ್ಲಿ ಕೂರುತ್ತೇನೆ

ಪ್ರೀತಿಯ ಮಗಳೇ,

ಮಲಬಾರ್ ಎಕ್ಸ್‌ಪ್ರೆಸ್ ಕಾಸರಗೋಡು ಬಿಟ್ಟು ಅರ್ಧ ಗಂಟೆ ಆಗಿರಲಿಲ್ಲ, ನಿನ್ನ ಮೆಸೇಜ್ ಬಂತು. "ಅಮ್ಮ ಸೆಕ್ಷನ್ 13 ಓದು." ಅಷ್ಟೇ. ಬುತ್ತಿ ಉಂಡೆಯಾ ಅಂತ ಕೇಳಿದೆ. ಎರಡು ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಎಂದು ಗೊತ್ತಾಯಿತು.

ಓದಿದೆ ಮಾರಾಯ್ತಿ. ಸುತ್ತಿದ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಬಂದು, ಸ್ನಾನ ಮಾಡಿ, ಕೂತು ಓದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಆಸ್ತಿ ಇಟ್ಟುಕೊಳ್ಳಲು, ಆಸ್ತಿಯಲ್ಲಿ ಪಾಲು ಪಡೆಯಲು, ತನ್ನ ಹಣದ ವ್ಯವಹಾರ ತಾನೇ ನೋಡಿಕೊಳ್ಳಲು, ಬ್ಯಾಂಕಿನಲ್ಲಿ ಸಾಲ ಕೇಳಲು ಎಲ್ಲರಿಗೆ ಇರುವ ಹಕ್ಕು ಅಂಗವಿಕಲರಿಗೂ ಇದೆ ಎಂದು ಅದರಲ್ಲಿದೆ. ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಬ್ಯಾಂಕಿನ ಆ ಕೌಂಟರ್ ಕಣ್ಣೆದುರು ಬಂತು.

ಇದನ್ನು ವಿಡಿಯೋ ಕಾಲಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ಕೈಗೆ ಅಷ್ಟು ಪದ ಬರುವುದಿಲ್ಲ. ಊಟ, ಬಸ್ಸು, ಜ್ವರ, ದುಡ್ಡು ಎಲ್ಲ ಬರುತ್ತದೆ. ತಪ್ಪಾಯಿತು ಎನ್ನಲೂ ಬರುತ್ತದೆ. ಯಾಕೆ ತಪ್ಪಾಯಿತು ಎಂದು ಹೇಳಲು ಬರುವುದಿಲ್ಲ. ಅದಕ್ಕೇ ಈ ಕಾಗದ.

ಅವತ್ತು ನಾವು ಹೋದದ್ದು ಸಣ್ಣ ಕೆಲಸಕ್ಕೆ, ಅಲ್ವಾ? ನೀನು ಸಣ್ಣವಳಿದ್ದಾಗ ನನ್ನ ಹೆಸರೂ ಸೇರಿಸಿ ಮಾಡಿದ್ದ ಅಕೌಂಟು. ಈಗ ನಿನಗೆ ಇಪ್ಪತ್ತು. ನಿನ್ನೊಬ್ಬಳ ಹೆಸರಿಗೆ ಮಾಡಿಸಬೇಕಿತ್ತು, ಸ್ಕಾಲರ್‌ಶಿಪ್ ಬೀಳಲು. ನೀನು ಫಾರಂ ತುಂಬಿಸಿ, ಆಧಾರ್ ಜೆರಾಕ್ಸ್ ಪಿನ್ ಮಾಡಿ, ಎಂತ ಬೇಕೆಂದು ಒಂದು ಚೀಟಿಯಲ್ಲಿ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆದು ಕೌಂಟರಿನ ಒಳಗೆ ತಳ್ಳಿದೆ. ಆ ಮನುಷ್ಯ ಚೀಟಿ ನೋಡಿದ, ನಿನ್ನ ಕಿವಿಯ ಮಿಷನ್ ನೋಡಿದ, ಆಮೇಲೆ ನನ್ನ ಮುಖ ನೋಡಿ ಕೇಳಿದ: "ಇವಳಿಗೆ ಸೈನ್ ಹಾಕಲಿಕ್ಕೆ ಬರ್ತದಾ?"

ನಾನು "ಬರ್ತದೆ ಸಾರ್" ಎಂದೆ. ಅದೇ ನನ್ನ ಮೊದಲ ತಪ್ಪು. ನಿನ್ನನ್ನೇ ಕೇಳಿ ಎನ್ನಬೇಕಿತ್ತು. "ಅಮ್ಮನ ಹೆಸರೂ ಜೊತೆಗಿರಲಿ, ಸೇಫ್" ಎಂದ. ನಾನು ತಲೆ ಆಡಿಸಿದೆ. ನೀನು ನನ್ನ ತಲೆ ಆಡುವುದನ್ನು ನೋಡಿದೆ. ಬಾಯಿ ಓದಲು ಕಷ್ಟ, ತಲೆ ಆಡಿಸುವುದನ್ನು ಓದಲು ಎಂತ ಕಷ್ಟ? ಬದಿಯಡ್ಕದಿಂದ ಮನೆ ಮುಟ್ಟುವ ತನಕ ನೀನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಕಿವಿ ಕೇಳದವರು ಮುಖ ತಿರುಗಿಸಿದರೆ ಬಾಗಿಲು ಹಾಕಿದ ಹಾಗೆ. ನಾನು ಭುಜ ತಟ್ಟಿದೆ, ನೀನು ತಿರುಗಲಿಲ್ಲ.

ಇಷ್ಟು ವರ್ಷ ನಾನು ನಿನ್ನ ಬಾಯಿ ಎಂದು ಹೆಮ್ಮೆ ಪಟ್ಟುಕೊಂಡಿದ್ದೆ. ನೆಂಟರೂ ಹಾಗೇ ಹೇಳುತ್ತಿದ್ದರು, "ಪಾಪ, ತಾಯಿಯೇ ಅವಳ ಬಾಯಿ." ಕೇಳಲು ಚಂದ. ನನ್ನಿಂದ ನಿನಗೆ ಎಷ್ಟು ಜಾಗ ತಪ್ಪಿತು ಎಂದು ಈಗ ಒಂದೊಂದೇ ನೆನಪಾಗುತ್ತಿದೆ. ಮುಟ್ಟಿನ ಹೊಟ್ಟೆನೋವಿಗೆ ಡಾಕ್ಟರ ಹತ್ತಿರ ಹೋಗಿದ್ದೆವಲ್ಲ, ನಿನಗೆ ಹದಿನಾರು. ಡಾಕ್ಟರು ಎಲ್ಲ ನನ್ನನ್ನೇ ಕೇಳಿದರು. ಎಷ್ಟು ದಿನಕ್ಕೊಮ್ಮೆ, ಎಷ್ಟು ಹೋಗುತ್ತದೆ, ಎಲ್ಲಿ ನೋವು. ಗೊತ್ತಿದ್ದದ್ದಕ್ಕೆ ಹೇಳಿದೆ, ಗೊತ್ತಿಲ್ಲದ್ದಕ್ಕೂ ಹೇಳಿದೆ. ನಿನ್ನ ಹೊಟ್ಟೆಯ ನೋವು ಎಲ್ಲಿ ಎಂದು ನಾನು ಹೇಳಿದೆ! ನೀನು ಗೋಡೆಯಲ್ಲಿದ್ದ ಮಗುವಿನ ಪಟ ನೋಡುತ್ತಾ ಕೂತಿದ್ದೆ.

ನಮ್ಮ ಊರಿಗೆ ಸಪ್ತಭಾಷೆಯ ನಾಡು ಅಂತ ಭಾಷಣದಲ್ಲಿ ಹೇಳುತ್ತಾರೆ. ತುಳು, ಕನ್ನಡ, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು. ನನಗೇ ನಾಲ್ಕು ಬರುತ್ತದೆ. ಆದರೆ ನಿನಗೆ ಹದಿನೈದು ವರ್ಷ ಆಗುವ ತನಕ ಈ ಮನೆಯಲ್ಲಿ ನಿನಗೊಂದು ಭಾಷೆ ಇರಲಿಲ್ಲ.

ನಿನಗೆ ಎರಡು ವರ್ಷ. ಏಪ್ರಿಲಿನ ಕೊನೆ, ಮೊದಲ ಮಳೆ. ಅಂಗಳದ ತೆಂಗಿಗೆ ಸಿಡಿಲು ಬಡಿಯಿತು. ನಾನು ಕಿರುಚಿದೆ, ಹಟ್ಟಿಯಲ್ಲಿ ದನ ಹಗ್ಗ ಕಿತ್ತುಕೊಂಡಿತು. ತೊಟ್ಟಿಲಲ್ಲಿ ನೀನು ಮಗ್ಗುಲು ಕೂಡ ಬದಲಿಸಲಿಲ್ಲ. ನೋಡಲು ಬಂದವರೆಲ್ಲ ಎಂಡೋಸಲ್ಫಾನಾ ಅಂತ ಕೇಳಿದರು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ವಿಷ ಸುರಿದ ಜಿಲ್ಲೆ ನಮ್ಮದು. ಇಲ್ಲಿ ಮಗುವಿಗೆ ಎಂತದೇ ಆದರೂ ಮೊದಲ ಪ್ರಶ್ನೆ ಅದೇ. ನಿನ್ನದು ಅದಲ್ಲ ಎಂದರು ಡಾಕ್ಟರು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ನಿನ್ನನ್ನು ನಿದ್ದೆ ಮಾಡಿಸಿ, ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿ ಕೇಳುವುದಿಲ್ಲ. ಕಿವಿಯೊಳಗೆ ಯಂತ್ರ ಇಡುವ ಆಪರೇಷನ್ನಿಗೆ ಕೇರಳ ಸರ್ಕಾರ 'ಶ್ರುತಿತರಂಗಂ' ಯೋಜನೆ ತಂದದ್ದು 2012ರಲ್ಲಿ, ಐದು ವರ್ಷದ ಒಳಗಿನ ಮಕ್ಕಳಿಗೆ. ಆಗ ನಿನಗೆ ಏಳು. ಲೆಕ್ಕ ಹಾಕಿ ಹಾಕಿ ಅತ್ತಿದ್ದೇನೆ. ಈಗ ಅಳುವುದಿಲ್ಲ.

ಬಾಯಿ ನೋಡಿ ಕಲಿಯಲಿ, ಸನ್ನೆ ಮಾಡಬೇಡಿ, ಮಾಡಿದರೆ ಮಾತು ಬರುವುದಿಲ್ಲ ಎಂದು ಶಾಲೆಯಲ್ಲಿ ಹೇಳಿದರು. ನಾವು ನಂಬಿದೆವು. ನಿನಗೆ ತುಟಿ ಸರಿ ಕಾಣಲಿ ಎಂದು ನಿನ್ನ ಅಪ್ಪ ಮೀಸೆ ಬೋಳಿಸಿದರು. ಮದುವೆಯ ಫೋಟೋದಲ್ಲಿ ಇದೆಯಲ್ಲ, ಆ ಮೀಸೆ. ಆದರೆ ತುಟಿಯಲ್ಲಿ ಪ, ಬ, ಮ ಮೂರೂ ಒಂದೇ ಥರ. ಪಾಪ ಎಂದರೂ ಮಾಮ ಎಂದರೂ ನಿನಗೆ ಒಂದೇ. ಅದರ ಮೇಲೆ ನಮ್ಮ ಊರಿನ ಕತೆ ನೋಡು. ಲೋಟದಲ್ಲಿರುವ ಬಿಳಿ ವಸ್ತು ಒಂದೇ, ಮನೆಯಲ್ಲಿ ಪೇರ್, ಶಾಲೆಯಲ್ಲಿ ಹಾಲು, ಅಂಗಡಿಯಲ್ಲಿ ಪಾಲ್. ಕೇಳುವ ಮಗು ಮೂರನ್ನೂ ಸುಮ್ನೆ ಹೀರಿಕೊಳ್ಳುತ್ತದೆ. ನೀನು ಮೂರು ತುಟಿಗಳ ನಡುವೆ ಲೋಟ ಹಿಡಿದು ನಿಂತಿದ್ದೆ.

ನಿನಗೆ ಭಾಷೆ ಸಿಕ್ಕಿದ್ದು ಗಡಿ ದಾಟಿ, ಕರ್ನಾಟಕದ ಆ ಶಾಲೆಯ ಹಾಸ್ಟೆಲಿನಲ್ಲಿ. ಕ್ಲಾಸಿನಲ್ಲಿ ಕೈ ಕಟ್ಟಿ ಕೂರಿಸುತ್ತಿದ್ದರು, ರಾತ್ರಿ ದೊಡ್ಡ ಹುಡುಗಿಯರು ಟಾರ್ಚ್ ಬೆಳಕಿನಲ್ಲಿ ಕೈಮಾತು ಕಲಿಸುತ್ತಿದ್ದರು ಎಂದು ನೀನು ಎಷ್ಟೋ ವರ್ಷದ ಮೇಲೆ ಹೇಳಿದೆ. ಕೆನ್ನೆಯ ಗುಳಿಗೆ ಬೆರಳಿಟ್ಟು ತಿರುಗಿಸಿದರೆ ನಿನ್ನ ಹೆಸರು. ಅದನ್ನು ಇಟ್ಟವರು ಅವರು. ನಾನು ಇಟ್ಟ ಹೆಸರನ್ನು ನೀನು ಯಾವತ್ತೂ ಕೇಳಿಲ್ಲ.

ಕೈ ಕಟ್ಟಿಸುವ ಈ ಬುದ್ಧಿ ಎಲ್ಲಿಂದ ಬಂತು ಎಂದು ನೀನೇ ಒಮ್ಮೆ ಬರೆದು ತೋರಿಸಿದ್ದೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡ ಮಕ್ಕಳಿಗೆ ಕಲಿಸುವವರ ಸಮ್ಮೇಳನ ಸೇರಿ, ಸನ್ನೆ ಬೇಡ, ಬಾಯಿಮಾತೇ ಇರಲಿ ಎಂದು ತೀರ್ಮಾನ ಮಾಡಿತಂತೆ. ತೀರ್ಮಾನ ಮಾಡಿದವರಲ್ಲಿ ಹೆಚ್ಚಿನವರೆಲ್ಲ ಕಿವಿ ಕೇಳುವವರೇ. 2010ರಲ್ಲಿ, ಕೆನಡಾದಲ್ಲಿ, ಅದೇ ಸಮ್ಮೇಳನ ವಿಷಾದ ಹೇಳಿತು. 130 ವರ್ಷ. ನನಗೆ ಬುದ್ಧಿ ಬರಲು ಹನ್ನೆರಡು ವರ್ಷ ಹಿಡಿಯಿತು, ಅದೂ ಕೊರೋನಾ ಬಂದದ್ದರಿಂದ.

2020ರ ಮಾರ್ಚ್ ನೆನಪಿದೆಯಾ? ನೀನು ಬ್ಯಾಗು ಹಿಡಿದು ಮನೆಗೆ ಬಂದೆ. ಸ್ವಲ್ಪ ದಿನಕ್ಕೇ ಕರ್ನಾಟಕದವರು ರಸ್ತೆಗಳಿಗೆ ಮಣ್ಣು ಸುರಿದು ಗಡಿ ಮುಚ್ಚಿದರು. ಎಲ್ಲರ ಮುಖಕ್ಕೆ ಮಾಸ್ಕ್. ನಿನಗೆ ಇದ್ದ ಅರ್ಧಂಬರ್ಧ ತುಟಿಗಳೂ ಹೋದವು. ಮೂರನೇ ದಿನ ನೀನು ಅಡುಗೆಮನೆಗೆ ಬಂದು ನನ್ನ ಕೈ ಹಿಡಿದು, ಬೆರಳು ಬಿಡಿಸಿ, "ನೀರು" ಮಾಡಿ ತೋರಿಸಿದೆ. ಆಮೇಲೆ ಬೀಡಿ ಎಲೆಯ ತಡ್ಪೆ ಮಡಿಲಲ್ಲಿ ಇಟ್ಟುಕೊಂಡೇ ನಾನು ಕಲಿತದ್ದು. ಎಲೆ ಸುತ್ತುವುದು, ಒಂದು ಸನ್ನೆ, ಮತ್ತೆ ಎಲೆ. ದೆಹಲಿಯ ಸನ್ನೆ ಭಾಷೆ ಸಂಸ್ಥೆಯ ನಿಘಂಟಿನ ವಿಡಿಯೋಗಳನ್ನು ನೀನು ಮೊಬೈಲಿನಲ್ಲಿ ಇಟ್ಟುಕೊಡುತ್ತಿದ್ದೆ. ಆಗ ಅದರಲ್ಲಿ 6,000 ಪದ, 2021ರ ಫೆಬ್ರವರಿಗೆ 10,000 ಆಯಿತು. ನನಗೆ ಬರುವುದು ಇನ್ನೂರೋ ಮುನ್ನೂರೋ. ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ಬೀಡಿ ಸುತ್ತಿದ ಹಾಗೆ ಮಾಡಿದರೆ ಅದು ನಾನು, ನಿನ್ನ ಅಮ್ಮ. ನನ್ನ ಕಸುಬಿನ ಬಗ್ಗೆ ನನಗೆ ಅಂಥಾ ಅಭಿಮಾನ ಇರಲಿಲ್ಲ. ಆ ಹೆಸರಿನ ಬಗ್ಗೆ ಇದೆ.

ಮೂಗಿ ಅಕ್ಕ ನಿನಗೆ ನೆನಪಿರಬಹುದು. ಬ್ರಾಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು. ಊರಿಡೀ ಮೂಗಿ ಅಂತಲೇ ಕರೆದದ್ದು. ಅವರ ನಿಜವಾದ ಹೆಸರು ನಾನು ನೋಡಿದ್ದು ರೇಷನ್ ಕಾರ್ಡಿನಲ್ಲಿ, ಅವರು ಸತ್ತ ಮೇಲೆ. ತಂದೆ ಹೋದಾಗ ಅಣ್ಣ ಬಂದು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಅಡಿಕೆ ತೋಟದ ಪಾಲು ಹೋಯಿತು. "ಅವಳಿಗೆ ಎಂತಕ್ಕೆ ತೋಟ, ಊಟ ನಾವು ಹಾಕ್ತೇವಲ್ಲ" ಎಂದ. ಯಾರೂ ಎದುರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಸೆಕ್ಷನ್ 13 ಓದುವಾಗ ಅವರ ಹೆಬ್ಬೆರಳೇ ಕಣ್ಣಿಗೆ ಬಂತು. ಹೊಗೆಸೊಪ್ಪಿನ ಕಂದು ಬಣ್ಣ, ಅದರ ಮೇಲೆ ನೀಲಿ ಶಾಯಿ.

ಅದಕ್ಕೇ ಕಾಯ್ದೆಯನ್ನು ಹದಿಮೂರಕ್ಕೇ ನಿಲ್ಲಿಸದೆ ಮುಂದೆಯೂ ಓದಿದೆ. ಕಿವಿ ಕೇಳದ ಮಕ್ಕಳಿಗೆ ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಕೊಡಬಹುದು ಎಂದು ಸೆಕ್ಷನ್ 17 ಹೇಳುತ್ತದೆ. ನಿನಗೆ ಅದು ಒಳ್ಳೆಯದೇ ಆಯಿತು. ಮೂರು ಭಾಷೆ ಅರ್ಧರ್ಧ ಕಲಿಯುವ ಬದಲು ಕನ್ನಡ ಒಂದನ್ನು ನೆಟ್ಟಗೆ ಓದುವಂತಾದೆ. ಇಲ್ಲದಿದ್ದರೆ ಈ ಕಾಗದ ಯಾರಿಗೆ ಬರೆಯಲಿ? ಬಸ್ಸಿನ ಮಲಯಾಳಂ ಬೋರ್ಡು ಓದಲಾಗದೆ ನೀನು ಒಮ್ಮೆ ಮುಳ್ಳೇರಿಯಾಕ್ಕೆ ಹೋಗಿ ಇಳಿದದ್ದು ಬೇರೆ ಮಾತು.

ಇನ್ನೊಂದು ವಿಷಯ. ತಾಯಿಯಾಗಿ ಬರೆಯಲು ಕೈ ನಡುಗುತ್ತದೆ, ಆದರೂ ಬರೆಯುತ್ತೇನೆ. ನಿನ್ನ ಮೇಲೆ ಯಾರಾದರೂ ಕೈ ಹಾಕಿದರೆ, ಅಂಥಾ ಕೇಸಿನಲ್ಲಿ ಪೊಲೀಸರು ನಿನ್ನ ಮನೆಗೋ ನೀನು ಹೇಳಿದ ಜಾಗಕ್ಕೋ ಬಂದು, ಇಂಟರ್‌ಪ್ರಿಟರ್ ಎದುರಿನಲ್ಲಿ ನಿನ್ನ ಹೇಳಿಕೆ ಪಡೆಯಬೇಕು, ಅದನ್ನು ವಿಡಿಯೋ ಮಾಡಬೇಕು. 2013ರಿಂದಲೇ ಇದು ಕಾನೂನು, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಕೋರ್ಟಿನಲ್ಲಿ ಸನ್ನೆಯಲ್ಲಿ ಹೇಳಿದ ಸಾಕ್ಷಿಯೂ ಬಾಯಲ್ಲಿ ಹೇಳಿದ ಸಾಕ್ಷಿಗೆ ಸಮ. ಕಿವುಡಿ ಯಾರಿಗೆ ಹೇಳುತ್ತಾಳೆ ಎಂಬ ಧೈರ್ಯದಲ್ಲಿ ಎಷ್ಟು ಗಂಡಸರು ಓಡಾಡುತ್ತಾರೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಅಂಥಾ ಹೊತ್ತಿನಲ್ಲೂ ನಿನ್ನ ಮಾತು ನಾನು ಹೇಳುವುದಲ್ಲ. ಕಲಿತ ಇಂಟರ್‌ಪ್ರಿಟರ್ ಹೇಳಬೇಕು. ನಾನು ತಾಯಿ, ನಡುವೆ ಅಳುತ್ತೇನೆ, ಬಿಟ್ಟು ಹೇಳುತ್ತೇನೆ, ಸೇರಿಸಿ ಹೇಳುತ್ತೇನೆ.

ಸಾರಾ ಸನ್ನಿ ಎಂಬ ಕಿವಿ ಕೇಳದ ವಕೀಲೆಯ ವಿಡಿಯೋ ನೀನು ಕಳಿಸಿದ್ದೆಯಲ್ಲ. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇಂಟರ್‌ಪ್ರಿಟರ್ ಜೊತೆ ಹಾಜರಾದ ಬೆಂಗಳೂರಿನವರು, ಮರುವರ್ಷ ಕರ್ನಾಟಕ ಹೈಕೋರ್ಟಿನಲ್ಲೂ ವಾದಿಸಿದವರು. ನಾನು ಅದನ್ನು ನಮ್ಮ ಹೆಂಗಸರ ಕುಟುಂಬಶ್ರೀ ಸಂಘದ ಮೀಟಿಂಗಿನಲ್ಲಿ ಎಲ್ಲರಿಗೂ ತೋರಿಸಿದೆ. ಓಣಂ ರಜೆಯಲ್ಲಿ ನೀನು ಬಂದು ಹೇಳಿಕೊಟ್ಟ ಸನ್ನೆಗಳನ್ನು ಅವರು ಮರೆತಿಲ್ಲ. ಮೊದಲು ಕಲಿತದ್ದು ಸಾಲ, ಬಡ್ಡಿ, ಅತ್ತೆ. ಅತ್ತೆಯ ಸನ್ನೆಯನ್ನು ಈಗ ಅತ್ತೆಯ ಎದುರೇ ಮಾಡುತ್ತಾರೆ. ಮೇಲಿನ ಮನೆಯ ನಾಲ್ಕು ವರ್ಷದ ಮಗುವಿಗೂ ಕಿವಿ ಕೇಳುವುದಿಲ್ಲ ಎಂದು ಗೊತ್ತಾಯಿತು. ಅದರ ತಾಯಿ ಅಳುತ್ತಾ ಬಂದಳು. ನಾನು ಕಾಫಿ ಕೊಟ್ಟೆ, "ನೀರು" ಮಾಡಿ ತೋರಿಸಿದೆ. ನೀನು ಬಂದಾಗ ಒಮ್ಮೆ ಅಲ್ಲಿಗೆ ಹೋಗು. ಅವಳಿಗೆ ನನ್ನನ್ನು ನೋಡುವುದಕ್ಕಿಂತ ನಿನ್ನನ್ನು ನೋಡಬೇಕು.

ಮಾವ ಒಂದು ಗಂಡಿನ ವಿಷಯ ತಂದಿದ್ದರು. ಕಿವಿ ಕೇಳುವವನಂತೆ, ಅದೇ ದೊಡ್ಡ ಉಪಕಾರ ಎನ್ನುವ ಹಾಗೆ ಹೇಳಿದರು. ಅವಳನ್ನೇ ಕೇಳಿ, ಸನ್ನೆ ಕಲಿತು ಬಂದು ಕೇಳಿ ಎಂದೆ. ಮತ್ತೆ ಬಂದಿಲ್ಲ.

ದೀಪಾವಳಿಗೆ ಬಂದ ಮರುದಿನವೇ ಬ್ಯಾಂಕಿಗೆ ಹೋಗುವ. ಬಸ್ಸಿಗೆ ಒಟ್ಟಿಗೇ ಹೋಗುವ, ನನಗೂ ಪೇಟೆಯಲ್ಲಿ ಕೆಲಸ ಇದೆ. ಆದರೆ ಒಳಗೆ ನೀನೊಬ್ಬಳೇ ಹೋಗು. ನಾನು ಹೊರಗೆ ಬೆಂಚಿನಲ್ಲಿ ಕೂರುತ್ತೇನೆ. ಆ ಮನುಷ್ಯ ಅಮ್ಮ ಎಲ್ಲಿ ಎಂದು ಕೇಳಿದರೆ ಚೀಟಿಯಲ್ಲಿ ಬರೆದುಕೊಡು, ಬಾಗಿಲಿನ ಹೊರಗಿದ್ದಾರೆ, ಅವರಿಗೆ ಇಲ್ಲಿ ಕೆಲಸ ಇಲ್ಲ ಎಂದು.

ಮಾವಿನ ಮಿಡಿ ಉಪ್ಪಿನಕಾಯಿ ಒಂದು ಬಾಟಲಿ ತೆಗೆದಿಟ್ಟಿದ್ದೇನೆ. ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ಬದಲಾದರೆ ಕೆಲವು ಸಲ ಮೈಕಿನಲ್ಲಿ ಮಾತ್ರ ಹೇಳುತ್ತಾರೆ, ಜನ ಓಡುವ ಕಡೆ ನೋಡಿಕೊಂಡಿರು. ಮತ್ತೆ, ಅಪ್ಪನನ್ನು ನೋಡಿ ನಗಬೇಡ. ಈಗ ಅವರಿಗೂ ಕೈಮಾತು ಬರುತ್ತದೆ, ಇನ್ನು ತುಟಿ ಯಾರಿಗೆ ಕಾಣಬೇಕು ಎಂದು ಹದಿನೈದು ದಿನದಿಂದ ಮೀಸೆ ಬಿಟ್ಟಿದ್ದಾರೆ. ಅರ್ಧ ಬಿಳಿ ಬಂದಿದೆ.

ನಿನ್ನ ಅಮ್ಮ
(ಹೆಬ್ಬೆರಳಿಗೆ ತೋರುಬೆರಳು ಉಜ್ಜಿಕೊಂಡು)